ಚಿಗವ್ವನ ಬಣವೆಗೆ ನೀರು ಹೊಡೆದದ್ದು

ಬುಕ್ಕಸಾಗರದಲ್ಲಿ ಆ ವರ್ಷ ಗದ್ದೆಗೆ ಯಾರೂ ಬೆಂಕಿ ಹಚ್ಚಲಿಲ್ಲ. ಗದ್ದೆಗಳು ಸುಟ್ಟವು, ಅದು ಬೇರೆ ಮಾತು.

ಭತ್ತದ ಕೊಯ್ಲು ಮುಗಿದಿತ್ತು. ಕೊಯ್ಲಿನ ಮಷಿನ್ ಬಿಟ್ಟುಹೋದ ಕೂಳೆ, ಅದರ ಮೇಲೆ ಉದುರಿಸಿಹೋದ ಪುಡಿ ಹುಲ್ಲು, ಎರಡೂ ಗದ್ದೆ ತುಂಬ ಬಿದ್ದಿದ್ದವು. ಪಂಚಾಯಿತಿಯ ಆಟೋ ಮೈಕು ಕಟ್ಟಿಕೊಂಡು ಊರು ಸುತ್ತಿತು. ಕೂಳೆ ಸುಡುವುದನ್ನು ನಿಷೇಧಿಸಲಾಗಿದೆ, ಸುಟ್ಟವರ ಮೇಲೆ ಕ್ರಮ ಜರುಗಿಸಲಾಗುವುದು ಎಂದು ರೆಕಾರ್ಡ್ ಮಾಡಿದ ಹೆಂಗಸಿನ ದನಿಯೊಂದು ಹೇಳಿತು. ಅದೇ ದನಿ ಅದಕ್ಕೆ ಮೊದಲು ಮನೆ ಕಂದಾಯ ಕಟ್ಟಿರಿ ಎಂದು ಹೇಳಿಹೋಗಿತ್ತು. ಹೀಗಾಗಿ ಜನಕ್ಕೆ ಆ ದನಿಯ ಪರಿಚಯ ಇತ್ತು, ಅದನ್ನು ಎಷ್ಟು ನಂಬಬೇಕು ಎಂಬ ಅಂದಾಜೂ ಇತ್ತು.

ನಾನು ಇರುವುದು ಹೊಸಪೇಟೆಯಲ್ಲಿ, ಕೆಲಸ ದೋಣಿಮಲೈ ಗಣಿಯಲ್ಲಿ. ದಿನವೂ ಬಸ್ಸಿನಲ್ಲಿ ಸಂಡೂರು ದಾಟಿ ಗುಡ್ಡ ಹತ್ತುತ್ತೇನೆ. ಕೊಯ್ಲಿನ ಸಮಯಕ್ಕೆ ರಜೆ ಹಾಕಿ ಬುಕ್ಕಸಾಗರಕ್ಕೆ ಬರುತ್ತೇನೆ. ಅಲ್ಲಿ ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ, ಇದ್ದಾಳೆ. ಅವಳ ಗಂಡ, ನನ್ನ ಕಾಕಾ, ಆ ದಿನಗಳಲ್ಲಿ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತ ಕಂಪ್ಲಿ ಕಡೆ ಇರುತ್ತಾನೆ. ಆದ್ದರಿಂದ ಹುಲ್ಲು ಹೊರುವುದಕ್ಕೆ, ಬಣವೆ ಒಟ್ಟುವುದಕ್ಕೆ ಇನ್ನೊಂದು ಜೊತೆ ಕೈ ಬೇಕು. ನನ್ನ ಕೈಗಳು ಈ ಕೆಲಸಕ್ಕೆ ಅಷ್ಟಾಗಿ ಬಾರವು ಎಂದು ಚಿಗವ್ವ ಪ್ರತಿ ವರ್ಷ ಹೇಳುತ್ತಾಳೆ, ಪ್ರತಿ ವರ್ಷ ಕರೆಯುತ್ತಾಳೆ.

ಅವಳಿಗೆ ಎರಡು ಎಮ್ಮೆ. ಹಾಲು ಹಂಪಿ ಬಜಾರ್ ಹತ್ತಿರದ ಒಂದು ಚಹಾದಂಗಡಿಗೆ ಹೋಗುತ್ತದೆ. ಆ ಎಮ್ಮೆಗಳಿಗೆ ಮುಂದಿನ ಕೊಯ್ಲಿನವರೆಗೆ ತಿನ್ನಲು ಇರುವುದು ಒಂದೇ ಬಣವೆ. ಊರೆಲ್ಲ ಮಷಿನ್ ಹಚ್ಚಿ ಕೊಯ್ಯಿಸಿದರೂ ಚಿಗವ್ವ ಮಾತ್ರ ಕೂಲಿಯವರನ್ನು ಕರೆದು ಕುಡುಗೋಲಿನಲ್ಲಿ ಕೊಯ್ಯಿಸುತ್ತಾಳೆ. ಮಷಿನ್ ಹುಲ್ಲು ತುಂಡಾಗಿ, ಮಣ್ಣಾಗಿ ಬರುತ್ತದೆ. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಬಣವೆ ಇದ್ದದ್ದು ಅವಳ ಗದ್ದೆಯ ಮೂಲೆಯಲ್ಲಿ, ಬದುವಿಗೆ ಹತ್ತಿಕೊಂಡು. ಬದುವಿನ ಆಚೆ ಇನ್ನೊಬ್ಬನ ಗದ್ದೆ, ಅದರ ತುಂಬ ಒಣಗಿದ ಕೂಳೆ. ಅವನು ಸಂಬಂಧದಲ್ಲಿ ಚಿಗವ್ವನಿಗೆ ಅಳಿಯ ಆಗಬೇಕು. ನಿಜವಾದ ಅಳಿಯನಲ್ಲ, ಊರಲ್ಲಿ ಲೆಕ್ಕ ಹಿಡಿಯುತ್ತ ಹೋದರೆ ಸಿಗುವ ಅಳಿಯ. ಅವನು ಅವಳನ್ನು ಅತ್ತಿ ಎನ್ನುತ್ತಾನೆ.

ಮೊದಲೆಲ್ಲ ಸುಡುವುದಕ್ಕೂ ಒಂದು ರೀತಿ ಇತ್ತು. ಹಚ್ಚುವವನು ಹಿಂದಿನ ದಿನವೇ ಸುತ್ತಲಿನ ಗದ್ದೆಯವರ ಮನೆಗೆ ಹೋಗಿ ಹೇಳಿಬರುತ್ತಿದ್ದ. ಕೇಳಿದವರು ತಮ್ಮ ಬದುವಿನ ಗುಂಟ ಹುಲ್ಲು ಕೆತ್ತಿ ಮಣ್ಣು ಕಾಣುವಂತೆ ಮಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ, ಗಾಳಿ ಏಳುವ ಮೊದಲೇ ಹಚ್ಚುವುದು. ನಾಲ್ಕು ಕಡೆ ನಾಲ್ಕು ಜನ ಹಸಿ ಬೇವಿನ ಟೊಂಗೆ ಹಿಡಿದು ನಿಂತು, ದಾಟಿ ಬಂದ ಬೆಂಕಿಯನ್ನು ಬಡಿದು ಆರಿಸುವುದು. ಇದನ್ನು ನಾನು ಕಂಡಿದ್ದೇನೆ ಎಂದು ತಿಳಿದುಕೊಂಡಿದ್ದೆ. ಈಗ ಬರೆಯುವಾಗ ಅನುಮಾನ ಬರುತ್ತಿದೆ. ಟೊಂಗೆ ಹಿಡಿದವರ ಮುಖ ಒಂದೂ ನೆನಪಿಲ್ಲ. ಚಿಗವ್ವ ಹೇಳಿದ್ದನ್ನು ಕೇಳಿ ಕೇಳಿ ಕಂಡಂತೆ ಆಗಿರಬೇಕು.

ಸುಡಬಾರದು ಎಂಬ ನಿಯಮ ತಪ್ಪು ಎಂದು ನಾನು ಹೇಳುತ್ತಿಲ್ಲ. ಹೊಗೆ ಹೊಳೆಯ ಆಚೆ ಈಚೆ ಎಲ್ಲ ಕವಿದುಕೊಂಡು, ಹಂಪಿಗೆ ಬಂದವರು ಮೂಗಿಗೆ ಕರ್ಚೀಫು ಹಿಡಿದುಕೊಂಡು ಮಂಟಪಗಳ ಫೋಟೋ ತೆಗೆಯುವುದನ್ನು ನಾನೇ ನೋಡಿದ್ದೇನೆ. ಆದರೆ ಮೈಕು ಊರು ಸುತ್ತಿದ ಮೇಲೆ ಆದದ್ದು ಇಷ್ಟು: ಸುಡುವುದು ನಿಲ್ಲಲಿಲ್ಲ, ಹೇಳಿಬರುವುದು ನಿಂತಿತು. ನಾಳೆ ಸುಡುತ್ತೇನೆ ಎಂದು ನಾಲ್ಕು ಮನೆಗೆ ಹೇಳಿ ಬಂದವನನ್ನು ಹಿಡಿಯುವುದು ಸುಲಭ. ಯಾರಿಗೂ ಹೇಳದೆ ಒಂದು ಕಡ್ಡಿ ಗೀರಿ, ಗಾಡಿ ಹತ್ತಿ ಹೊಸಪೇಟೆಗೆ ಹೋಗಿ, ಅಲ್ಲಿ ಯಾರದೋ ಅಂಗಡಿಯಲ್ಲಿ ಕುಳಿತವನನ್ನು ಹಿಡಿಯುವುದು ಕಷ್ಟ. ಹೀಗಾಗಿ ಗದ್ದೆಗಳು ಮಟಮಟ ಮಧ್ಯಾಹ್ನ, ಗಾಳಿ ಬೀಸುವಾಗ, ಸುತ್ತ ಒಬ್ಬರೂ ಇಲ್ಲದಾಗ ತಾವೇ ಸುಡತೊಡಗಿದವು. ಊರ ಮೇಲಿನ ಕಡೆ ಯಾರದೋ ತೆಂಗಿನ ಸಸಿ ಹೋದವು. ಬೇಲಿ ಹೋಯಿತು.

ಚಿಗವ್ವ ಇದನ್ನೆಲ್ಲ ನೋಡಿ ತನ್ನದೇ ಒಂದು ಉಪಾಯ ಕಂಡುಕೊಂಡಳು. ಅಳಿಯನ ಗದ್ದೆಯ ಅಡ್ಡಕ್ಕೆ ಒಂದು ಕಪ್ಪು ಪೈಪು ಮಲಗಿತ್ತು. ಹೊಳೆಯ ಮೋಟರಿನಿಂದ ಅವನ ಬಾಳೆ ತೋಟಕ್ಕೆ ನೀರು ಒಯ್ಯುವ ಪೈಪು. ಬೆಂಕಿ ತಾಗಿದರೆ ಅದು ಕರಗಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಗದ್ದೆಯವನು ಬಾಯಿ ಬಿಡದಿದ್ದರೂ ಪೈಪನ್ನು ಎತ್ತದೆ ಬೆಂಕಿ ಹಚ್ಚುವಂತಿಲ್ಲ. ಆದ್ದರಿಂದ ಚಿಗವ್ವ ಬೆಳಿಗ್ಗೆ ಎದ್ದು ಮೊದಲು ಎಮ್ಮೆಗಳನ್ನಲ್ಲ, ಪೈಪನ್ನು ನೋಡುತ್ತಿದ್ದಳು. ಪೈಪು ಇದ್ದರೆ ಚಹಾ. ನಾನು ಬಂದ ಮೇಲೆ ಆ ಕೆಲಸ ನನಗೆ ಬಂತು. ದೋಣಿಮಲೈನಲ್ಲಿ ನನಗೆ ಬೆಂಕಿ ಆರಿಸುವ ತರಬೇತಿ ಕೊಟ್ಟಿದ್ದಾರೆ. ಅರ್ಧ ಕೊಯ್ದ ಡ್ರಮ್ಮಿನಲ್ಲಿ ಡೀಸೆಲ್ ಸುರಿದು, ಉರಿಸಿ, ಕೆಂಪು ಸಿಲಿಂಡರಿನಿಂದ ಆರಿಸಿ, ಚಪ್ಪಾಳೆ ತಟ್ಟಿ, ಉಪ್ಪಿಟ್ಟು ಕೊಟ್ಟು ಕಳಿಸುತ್ತಾರೆ. ಪೈಪು ಕಾಯುವುದು ಅದರಲ್ಲಿ ಇರಲಿಲ್ಲ.

ಒಂದು ದಿನ ಬೆಳಿಗ್ಗೆ ಪೈಪು ಇರಲಿಲ್ಲ.

ಆ ಬೆಳಗು ನನ್ನ ನೆನಪಿನಲ್ಲಿ ಮಂಜಾಗಿಯೂ ಇದೆ, ಸುಡುಬಿಸಿಲಾಗಿಯೂ ಇದೆ. ಎರಡೂ ಒಟ್ಟಿಗೆ ಇರಲಾರವು. ಒಂದನ್ನು ತೆಗೆದು ಬರೆದು ನೋಡಿದೆ. ಮಂಜು ತೆಗೆದರೆ ಚಿಗವ್ವ ಹೊದ್ದಿದ್ದ ಕಂಬಳಿ ಹೋಗುತ್ತದೆ, ಬಿಸಿಲು ತೆಗೆದರೆ ಒಣಗಿ ಸದ್ದು ಮಾಡುತ್ತಿದ್ದ ಕೂಳೆ ಹೋಗುತ್ತದೆ. ಎರಡೂ ಇರಲಿ. ಪೈಪು ಇರಲಿಲ್ಲ ಎಂಬುದಂತೂ ಖಂಡಿತ. ಗದ್ದೆಯ ಅಡ್ಡಕ್ಕೆ ಅದು ಮಲಗಿದ್ದ ಜಾಗದಲ್ಲಿ ಒಂದು ಬಿಳಿ ಗೆರೆ ಉಳಿದಿತ್ತು.

ಬಣವೆಗೆ ನೀರು ಹೊಡೆಯೋಣ ಎಂದು ಮೊದಲು ಯಾರು ಹೇಳಿದರು ಎಂಬುದರ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ನಾನು ಎಂದು ಚಿಗವ್ವ ಹೇಳುತ್ತಾಳೆ. ಚಿಗವ್ವ ಎಂದು ನನಗೆ ಖಾತ್ರಿ ಇದೆ. ಅಲ್ಲಿಂದ ಎರಡನೆಯ ಗದ್ದೆಯ ಒಬ್ಬ ಮುದುಕ ಅಲ್ಲೇ ಇದ್ದ, ಅವನನ್ನು ಕೇಳಿದರೆ ಇಬ್ಬರೂ ಒಟ್ಟಿಗೇ ಹೇಳಿದಿರಿ, ತಾನು ಬೇಡ ಎಂದೆ ಎನ್ನುತ್ತಾನೆ. ಅವನು ಬೇಡ ಎಂದದ್ದು ನಮ್ಮಿಬ್ಬರಿಗೂ ಕೇಳಿಲ್ಲ.

ಕಾಲುವೆಯ ತಗ್ಗಿನಲ್ಲಿ ನಿಂತಿದ್ದ ನೀರಿಗೆ ಸಣ್ಣ ಮೋಟರ್ ಇಟ್ಟು, ಬಣವೆಯ ನೆತ್ತಿಯ ಮೇಲೆ ನಾನು ಹತ್ತಿ ನಿಂತು, ಮಧ್ಯಾಹ್ನದವರೆಗೆ ನೀರು ಹೊಡೆದೆ. ಬಣವೆ ಕಟ್ಟುವುದೇ ನೀರು ಒಳಗೆ ಹೋಗದಂತೆ. ಹುಲ್ಲಿನ ತುದಿ ಕೆಳಗೆ ಮಾಡಿ, ಮಳೆ ಜಾರಿ ಹೋಗುವಂತೆ ಒಟ್ಟುತ್ತಾರೆ. ನೀರು ಜಾರಿ ಹೋಗುತ್ತಿದೆ ಎಂದು ಚಿಗವ್ವ ಕೆಳಗಿನಿಂದ ಹೇಳಿದಳು. ಅದಕ್ಕೆ ನಾನು ಕವೆಗೋಲಿನಿಂದ ನೆತ್ತಿ ಬಿಡಿಸಿ ಒಳಕ್ಕೇ ಮೋಟರಿನ ಪೈಪು ಇಳಿಸಿದೆ. ಚಿಗವ್ವ ಒಳ್ಳೆಯ ಕೆಲಸ ಆಯಿತು ಎಂದಳು. ಆಮೇಲೆ ಇಬ್ಬರೂ ಬೇವಿನ ಟೊಂಗೆ ಕಡಿದುಕೊಂಡು ಬಂದು ಬದುವಿನ ಮೇಲೆ ಕುಳಿತು ಬೆಂಕಿಗಾಗಿ ಕಾದೆವು.

ಬೆಂಕಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಪಕ್ಕದ ಊರಲ್ಲಿ ಪೈಪು ಕಳುವಾಗುತ್ತಿವೆ ಎಂದು ಯಾರೋ ಹೇಳಿದ್ದರಿಂದ ಅಳಿಯ ತನ್ನ ಪೈಪನ್ನು ಸುತ್ತಿ ಮನೆಯ ಅಟ್ಟಕ್ಕೆ ಹಾಕಿದ್ದನಂತೆ. ಅಷ್ಟೇ.

ಮುಂದೊಂದು ದಿನ ಬೆಳಿಗ್ಗೆ ಬಣವೆಯ ನೆತ್ತಿಯಿಂದ ಹೊಗೆ ಏಳುತ್ತಿತ್ತು. ಸುತ್ತ ಎಲ್ಲಿಯೂ ಬೆಂಕಿ ಇಲ್ಲ. ಹತ್ತಿರ ಹೋದರೆ ಹುಳಿಬಂದ ಹಿಟ್ಟಿನ ವಾಸನೆ. ಚಿಗವ್ವ ಹುಲ್ಲಿನೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಕ್ಷಣವೂ ಇಡದೆ ಹೊರಗೆ ತೆಗೆದಳು. ಒಳಗೆ ಅನ್ನ ಬೇಯುವಷ್ಟು ಬಿಸಿ ಇದೆ ಎಂದಳು. ನನ್ನ ಕೈಯನ್ನೂ ಹಾಕಿಸಿದಳು. ನಿಜ ಹೇಳಬೇಕೆಂದರೆ ಅನ್ನ ಬೇಯುವಷ್ಟು ಇರಲಿಲ್ಲ. ಕೈ ಇಡುವ ಹಾಗೂ ಇರಲಿಲ್ಲ.

ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಇದನ್ನು ಕಂಡು ಫೋನ್ ಮಾಡಿದ್ದರಿಂದ ಅಗ್ನಿಶಾಮಕದ ಗಾಡಿ ಬಂತು. ಅದರಿಂದ ಇಳಿದವರಲ್ಲಿ ಇಬ್ಬರು ನಮ್ಮ ಹತ್ತಿರ ಬಂದರು. ಮೊದಲನೆಯವನು ಯಾರು ಹಚ್ಚಿದ್ದು ಎಂದು ಕೇಳಿದ. ಯಾರೂ ಹಚ್ಚಿಲ್ಲ, ಬೆಂಕಿ ಬರಬಾರದು ಎಂದು ನಾವೇ ನೀರು ಹೊಡೆದಿದ್ದೇವೆ ಎಂದು ಚಿಗವ್ವ ವಿವರಿಸಿದಳು. ಅವನು ಬಣವೆಯನ್ನು ಒಂದು ಸುತ್ತು ಹಾಕಿ ಬಂದ.

"ಯಮ್ಮಾ, ಬೆಂಕಿ ಬರಬಾರದಂತ ನೀರು ಹೊಡದೀರಿ. ನೀರು ಹೊಡದಿದ್ದಕ್ಕ ಕಾವು ಹುಟ್ಟೈತಿ. ಈಗ ನಾವೇನ್ ಹೊಡೀಬೇಕು ಹೇಳ್ರಿ," ಎಂದ.

"ಅದನ್ನ ಹೇಳಾಕ ನಿಮ್ಮನ್ನ ಕರಸ್ಯಾರ್ರಿ ಸಾಹೇಬ್ರ," ಎಂದಳು ಚಿಗವ್ವ.

ಅವರಿಬ್ಬರಲ್ಲೇ ಚರ್ಚೆ ಆಯಿತು. ಇನ್ನೂ ನೀರು ಬಿಟ್ಟು ಪೂರ್ತಿ ತಣಿಸಬೇಕು ಎಂದು ಒಬ್ಬ. ಹಾಗೆ ಮಾಡಿದರೆ ಹುಲ್ಲು ಗೊಬ್ಬರವಾಗುತ್ತದೆ, ಬಿಚ್ಚಿ ಹರವಬೇಕು ಎಂದು ಇನ್ನೊಬ್ಬ. ಬಿಚ್ಚುವಾಗ ಗಾಳಿ ತಾಗಿ ಹತ್ತಿಕೊಂಡರೆ ಎಂದು ಮೊದಲಿನವನು. ಒಂದು ಕಬ್ಬಿಣದ ಸರಳನ್ನು ಬಣವೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು, ಮುಟ್ಟಿ ನೋಡಿ, ಇಬ್ಬರೂ ಬೇರೆ ಬೇರೆ ಅಭಿಪ್ರಾಯಕ್ಕೆ ಬಂದರು. ಕೊನೆಗೆ ಬಿಚ್ಚುವುದು ಎಂದಾಯಿತು. ನೀರಿನ ಪೈಪು ಸಜ್ಜಾಗಿ ಹಿಡಿದುಕೊಂಡು ಅವರು ನಿಂತರು, ನಾವು ಬಿಚ್ಚಿದೆವು. ಹತ್ತಿಕೊಳ್ಳಲಿಲ್ಲ. ಒಳಗಿನ ಹುಲ್ಲು ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಹರಿಯುವಂತಾಗಿತ್ತು. ಅದರ ಆಚೆಯದು ಒದ್ದೆಯಾಗಿದ್ದರೂ ಇನ್ನೂ ಹಳದಿ ಇತ್ತು. ಆ ಹಳದಿಯನ್ನು ಆದಷ್ಟು ಬೇಗ ಒಣಗಿಸಿದರೆ ಉಳಿಯುತ್ತದೆ, ಇಲ್ಲದಿದ್ದರೆ ಅದೂ ಹೋಗುತ್ತದೆ.

ಎಲ್ಲಿ ಒಣಗಿಸುವುದು? ಚಿಗವ್ವ ಮೊದಲು ಹೇಳಿದ್ದು ಡಾಂಬರು ರಸ್ತೆ. ಊರವರು ಎಲ್ಲವನ್ನೂ ಒಣಗಿಸುವುದು ಅಲ್ಲೇ. ಬೆಂಕಿಯವರು ಬೇಡ ಎಂದರು. ಹಂಪಿಗೆ ಹೋಗುವ ಕಾರುಗಳ ಅಡಿಗೆ ಹುಲ್ಲು ಸುತ್ತಿಕೊಂಡು ಹತ್ತಿಕೊಳ್ಳುತ್ತದೆ, ಆಮೇಲೆ ನಾವು ಕಾರಿಗೆ ಬರಬೇಕಾಗುತ್ತದೆ ಎಂದು ಹೇಳಿ ಗಾಡಿ ಹತ್ತಿಕೊಂಡು ಹೋದರು. ಅವಳ ಸ್ವಂತ ಗದ್ದೆಯಲ್ಲಿ ಆಗಲೇ ಸಸಿ ಮಡಿಗೆ ನೀರು ಬಿಟ್ಟು ನೆಲ ಹಸಿಯಾಗಿತ್ತು. ಸುತ್ತ ಒಣ ನೆಲ ಎಂದರೆ ಒಂದೇ ಒಂದು. ಅಳಿಯನ ಗದ್ದೆ.

ಕೇಳೋಣವೇ ಎಂದೆ. ಕೇಳಿದರೆ ಇಲ್ಲ ಎನ್ನುತ್ತಾನೆ ಎಂದು ಚಿಗವ್ವ ಹೊರೆ ಎತ್ತಿ ಬದು ದಾಟಿದಳು. ಸಂಜೆಯೊಳಗೆ ಅವನ ಗದ್ದೆಯ ಅರ್ಧಕ್ಕಿಂತ ಹೆಚ್ಚು ನಮ್ಮ ಹುಲ್ಲಿನಿಂದ ಮುಚ್ಚಿಹೋಗಿತ್ತು.

ಮರುದಿನ ಅವನು ಬಂದು ಬದುವಿನ ಮೇಲೆ ನಿಂತ.

"ಅತ್ತಿ, ಇದೇನಿದು ನನ್ ಗದ್ದ್ಯಾಗ?"

"ಹುಲ್ಲು."

"ಹುಲ್ಲಂತ ಕಾಣ್ತೈತಿ. ಯಾವಾಗ ತಗೀತಿ?"

"ಒಣಗಿದ ಮ್ಯಾಲೆ."

"ಯಾವಾಗ ಒಣಗತೈತಿ?"

"ಅದನ್ನ ಸೂರ್ಯಪ್ಪನ್ನ ಕೇಳು. ಯಾಕ ಅಳಿಯಾ, ಗದ್ದಿದು ಏನರ ಅವಸರ ಐತೇನು?"

ಅವನು ನನ್ನ ಕಡೆ ನೋಡಿದ. ಇಸ್ತ್ರಿ ಅಂಗಿ ಹಾಕಿದವನು ಯಾರಿಗೆ ಏನು ಹೇಳುತ್ತಾನೋ ಗೊತ್ತಾಗದು ಎಂಬ ನೋಟ. ಅವಸರ ಏನಿಲ್ಲ ಎಂದು ಹೇಳಿ ಹೋದ.

ಇಲ್ಲಿಂದ ಮುಂದಿನ ದಿನಗಳು ನನ್ನಲ್ಲಿ ಒಂದೇ ದಿನವಾಗಿ ಉಳಿದಿವೆ. ಚಿಗವ್ವ ಹುಲ್ಲು ತಿರುವಿ ಹಾಕುತ್ತಿದ್ದಾಳೆ, ನಾನು ತಿರುವಿ ಹಾಕಿದ್ದು ಸರಿಯಿಲ್ಲ ಎಂದು ಅದನ್ನೂ ತಿರುವಿ ಹಾಕುತ್ತಿದ್ದಾಳೆ, ಅಳಿಯ ಬದುವಿನ ಮೇಲೆ ನಿಂತಿದ್ದಾನೆ. ಕಾಲುವೆಗೆ ನೀರು ಬಿಡುವ ಸುದ್ದಿ ಇತ್ತು. ಅದಕ್ಕೆ ಮೊದಲು ಅವನು ಗದ್ದೆ ಹದ ಮಾಡಬೇಕು, ಹದ ಮಾಡುವ ಮೊದಲು ಕೂಳೆ ಹೋಗಬೇಕು, ಕೂಳೆ ಹೋಗಬೇಕೆಂದರೆ ಬೆಂಕಿ ಹಚ್ಚಬೇಕು. ಇದು ಅವನಿಗೆ ಗೊತ್ತು, ಅವಳಿಗೆ ಗೊತ್ತು, ಊರಿಗೆ ಗೊತ್ತು. ಆದರೆ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಹೇಳದೆ ಅವಳನ್ನು ಅವಸರಪಡಿಸುವುದಕ್ಕೆ ಬೇರೆ ಕಾರಣವೂ ಇಲ್ಲ.

ಒಮ್ಮೆ ಅವನು ಟ್ರ್ಯಾಕ್ಟರ್ ಹೇಳಿದ್ದೇನೆ, ಗದ್ದೆ ಹೊಡೆಸಬೇಕು ಎಂದ. ಹೊಡೆಸು, ಹುಲ್ಲು ಸರಿಸಿಕೊಡುತ್ತೇನೆ ಎಂದಳು. ಕೂಳೆ ಇಟ್ಟುಕೊಂಡು ಹೇಗೆ ಹೊಡೆಸುವುದು, ಟ್ರ್ಯಾಕ್ಟರಿನ ಹಲ್ಲಿಗೆಲ್ಲ ಸುತ್ತಿಕೊಳ್ಳುತ್ತದೆ ಎಂದ. ಹಾಗಾದರೆ ಕೂಳೆಯನ್ನು ಏನು ಮಾಡುವವನಿದ್ದೆ ಎಂದು ಅವಳು ಕೇಳಿದಳು. ಅವನು ಸ್ವಲ್ಪ ಯೋಚಿಸಿ, ಕೊಳೆಸುತ್ತೇನೆ ಎಂದ.

"ಛಲೋ ಆತು," ಎಂದಳು ಚಿಗವ್ವ. "ಕೂಳಿ ಕೊಳಿಯಾಕ ಭಾಳ ದಿನ ಬೇಕು. ಅಷ್ಟರಾಗ ನನ್ ಹುಲ್ಲು ಒಣಗತೈತಿ."

ಮೋಡ ಬಂದು ಒಣಗುವುದು ತಡವಾಯಿತು. ಚಿಗವ್ವನಿಗೆ ಹುಲ್ಲಿನ ಚಿಂತೆ, ಅವನಿಗೆ ನೀರಿನ ಚಿಂತೆ. ಇಬ್ಬರೂ ಆಕಾಶ ನೋಡುತ್ತಿದ್ದರು. ನಾನು ರಜೆ ಮುಂದುವರಿಸಲು ಫೋನ್ ಮಾಡಿದಾಗ ಕಾರಣ ಕೇಳಿದರು. ಹುಲ್ಲು ಒಣಗಿಲ್ಲ ಎಂದೆ. ಅದನ್ನು ಹಾಗೆಯೇ ಬರೆದುಕೊಂಡು ರಜೆ ಕೊಟ್ಟರು.

ಕೊನೆಗೆ ಅವನು ಬಂದು ನಿಲ್ಲಲಿಲ್ಲ, ಬದುವಿನ ಮೇಲೆ ಕುಳಿತುಕೊಂಡ. ತಲೆಗೆ ಸುತ್ತಿದ್ದ ಟವೆಲ್ ತೆಗೆದು ಮೊಣಕಾಲ ಮೇಲೆ ಹಾಕಿಕೊಂಡ. ನನ್ನ ಕಡೆ ನೋಡಲಿಲ್ಲ.

"ಅತ್ತಿ, ನಾ ಸುಡಾಂವ ಅದೀನಿ. ಗದ್ದಿಗೆ ಬೆಂಕಿ ಹಚ್ಚಾಂವ ಅದೀನಿ. ಸಾಕಾ?"

ಚಿಗವ್ವ ಕವೆಗೋಲು ಕೆಳಗೆ ಇಟ್ಟಳು.

"ಯಾವತ್ತು?"

"ನೀ ಹುಲ್ಲು ಎತ್ತಿದ ಮರುದಿನ."

"ಎಷ್ಟೊತ್ತಿಗೆ?"

"ಮುಂಜಾನಿ. ಇಬ್ಬನಿ ಇರೂವಾಗ."

"ಇದನ್ನ ಮೊದಲ ಹೇಳಿದ್ರ ನಾ ಬಣವಿಗೆ ಯಾಕ ನೀರು ಹೊಡೀತಿದ್ದೆ? ನನಗ ಹೇಳಾಕ ಏನಾಗಿತ್ತು ನಿನಗ?"

"ಮೈಕಿನ್ಯಾಗ ಒದರಿ ಹೋಗ್ಯಾರ. ಸುಡತೀನಿ ಅಂತ ಹೇಳಿದಾಂವನ ಮೊದಲು ಸಿಗಾಂವ."

"ನಾ ಏನ್ ಮೈಕ್ ಹಿಡಕೊಂಡು ಕುಂತಿದ್ನೇನಲೇ?"

ಅವನು ಟವೆಲ್ ಕೊಡವಿ ಮತ್ತೆ ತಲೆಗೆ ಸುತ್ತಿಕೊಂಡ. ಸುಡುವುದೇ ಬೇಡ ಎಂದು ಅಲ್ಲಿ ಯಾರಾದರೂ ಹೇಳಬೇಕಾಗಿತ್ತು, ಹೇಳಬಹುದಾದವನು ನಾನೊಬ್ಬನೇ. ನಾನು ಬಣವೆಯ ಬಗ್ಗೆ ಯೋಚಿಸುತ್ತಿದ್ದೆ.

ಚಿಗವ್ವ ಒಂದು ಷರತ್ತು ಹಾಕಿದಳು. ಅವನು ಬದುವಿನ ಗುಂಟ ಒಂದು ಗಾಡಿ ಹೋಗುವಷ್ಟು ಅಗಲಕ್ಕೆ ಬಿದ್ದ ಹುಲ್ಲನ್ನೆಲ್ಲ ಬಳಿದು, ಕೂಳೆ ಕೊಯ್ದು, ನೆಲ ಬರಿದು ಮಾಡಿಕೊಡಬೇಕು. ಬೆಂಕಿ ಅಲ್ಲಿಗೆ ನಿಲ್ಲುತ್ತದೆ. ಬಳಿದ ಹುಲ್ಲು ಅವಳಿಗೆ. ಅವನು ಒಪ್ಪಿದ. ಬೆಂಕಿಯೂ ನಿಂತಿತು, ಅವಳ ಹಾಳಾದ ಹುಲ್ಲಿಗೆ ಬದಲಿ ಹುಲ್ಲೂ ಸಿಕ್ಕಿತು ಎಂದು ಇಲ್ಲಿ ನಿಲ್ಲಿಸಿದರೆ ಎಲ್ಲವೂ ಸರಿಹೋಗುತ್ತಿತ್ತು. ನಾನು ಈ ಸಂಗತಿಯನ್ನು ಕ್ಯಾಂಟೀನಿನಲ್ಲಿ ಹೇಳುವಾಗ ಅಲ್ಲೇ ನಿಲ್ಲಿಸುತ್ತೇನೆ. ನಡೆದದ್ದು ಹಾಗಲ್ಲ. ಬಳಿದು ಬಂದದ್ದು ಮಷಿನ್ ಹುಲ್ಲು, ಅರ್ಧ ಮಣ್ಣು. ಎಮ್ಮೆಗಳು ಮೂಸಿ ನೋಡಿ ಮುಖ ತಿರುಗಿಸಿದವು.

ಹುಲ್ಲು ಎತ್ತಿದೆವು. ಒಣಗಿ ಉಳಿದದ್ದರಿಂದ ಹೊಸದಾಗಿ ಬಣವೆ ಒಟ್ಟಿದೆವು. ಅದು ಮೊದಲಿನದರ ಅರ್ಧ ಇತ್ತು. ಅರ್ಧಕ್ಕಿಂತ ಕಡಿಮೆ ಎಂದು ಚಿಗವ್ವ. ಹಾಳಾದದ್ದು ತಿಪ್ಪೆಗೆ ಹೋಯಿತು.

ಮರುದಿನ ಬೆಳಿಗ್ಗೆ ಅಳಿಯ, ಅವನ ಅಣ್ಣ, ಎರಡನೆಯ ಗದ್ದೆಯ ಮುದುಕ, ಚಿಗವ್ವ ಮತ್ತು ನಾನು ಸೇರಿದೆವು. ಅಳಿಯ ಗಾಳಿ ನೋಡಲು ಒಂದು ಹಿಡಿ ಧೂಳು ತೂರಿದ. ಧೂಳು ನೇರ ಕೆಳಗೆ ಬಿತ್ತು. ಹಚ್ಚಿದ. ಇಬ್ಬನಿಗೆ ಹುಲ್ಲು ನೆನೆದಿದ್ದರಿಂದ ಬೆಂಕಿ ನಿಧಾನಕ್ಕೆ, ಒಲ್ಲದ ಮನಸ್ಸಿನಿಂದ ಹೋದಂತೆ ಹೋಯಿತು. ಹೊಗೆ ಮಾತ್ರ ಬಹಳ. ಎಲ್ಲರೂ ಕೆಮ್ಮಿದೆವು. ಬರಿದು ಮಾಡಿದ ನೆಲಕ್ಕೆ ಬಂದು ಬೆಂಕಿ ನಿಂತಿತು. ಒಂದು ಕಡೆ ಸ್ವಲ್ಪ ದಾಟಿದ್ದನ್ನು ನಾನು ಟೊಂಗೆಯಿಂದ ಬಡಿದು ಆರಿಸಿದೆ. ಹೀಗೆ ನನ್ನ ನೆನಪು. ಅಳಿಯನ ಅಣ್ಣ ಮೊಬೈಲಿನಲ್ಲಿ ತೆಗೆದ ಫೋಟೋ ಒಂದಿದೆ. ಅದರಲ್ಲಿ ನನ್ನ ಕೈಯಲ್ಲಿ ಟೊಂಗೆ ಇಲ್ಲ, ಪ್ಲಾಸ್ಟಿಕ್ ಚೊಂಬು ಇದೆ. ಮುಖ ಬೇರೆ ಕಡೆ ಇದೆ. ಟೊಂಗೆ ಹಿಡಿದು ಬಡಿಯುತ್ತಿರುವವಳು ಚಿಗವ್ವ. ಅದು ಆಮೇಲೆ ಎಲ್ಲರ ಮೊಬೈಲಿಗೂ ಹೋಯಿತು; ಅಳಿಸಿಹಾಕಲು ಎಲ್ಲರಿಗೂ ಹೇಳಲಾಯಿತು, ಯಾರೂ ಅಳಿಸಿದ ಹಾಗಿಲ್ಲ. ಯಾರ ಮೇಲೂ ಕ್ರಮ ಜರುಗಿಸಲು ಯಾರೂ ಬರಲಿಲ್ಲ.

ಬಣವೆ ಉಳಿಯಿತು. ಎರಡು ಎಮ್ಮೆಗೆ ಅದು ಸಾಲುವುದಿಲ್ಲ ಎಂಬುದು ಅದನ್ನು ಒಟ್ಟಿದ ದಿನವೇ ಗೊತ್ತಿತ್ತು. ಬೇಸಿಗೆ ಶುರುವಾಗುವ ಹೊತ್ತಿಗೆ ಕಾಕಾ ಒಂದು ಟ್ರೇಲರ್ ತಂದ, ನಾನೂ ಮತ್ತೆ ಒಂದೆರಡು ದಿನ ರಜೆ ಹಾಕಿ ಬಂದೆ. ಚಿಗವ್ವನ ಮಗಳನ್ನು ಕಂಪ್ಲಿಗೆ ಕೊಟ್ಟಿದೆ, ಅವರಲ್ಲಿ ಮೇವು ಇತ್ತು. ಸಣ್ಣ ಎಮ್ಮೆಯನ್ನು ಮುಂದಿನ ಕೊಯ್ಲಿನವರೆಗೆ ಅಲ್ಲಿ ಬಿಡುವುದು ಎಂದಾಗಿತ್ತು. ಮಾರಿದಿರಾ ಎಂದು ಕೇಳಿದವರಿಗೆ ಮಗಳ ಮನೆಗೆ ಹೋಗಿದೆ ಎಂದು ಹೇಳಬೇಕೆಂದು ಚಿಗವ್ವ ನಮಗೆಲ್ಲ ಹೇಳಿಕೊಟ್ಟಳು. ಅದು ನಿಜವೇ ಆದ್ದರಿಂದ ಹೇಳಿಕೊಡುವ ಅಗತ್ಯ ಇರಲಿಲ್ಲ. ಎಮ್ಮೆಯನ್ನು ಹತ್ತಿಸಲು ಪಕ್ಕದ ಗದ್ದೆಯ ಅಳಿಯನೂ ಬಂದು ಹಿಂದಿನಿಂದ ನೂಕಿದ. ಚಹಾದಂಗಡಿಯವನಿಗೆ ಇನ್ನು ಮುಂದೆ ಹಾಲು ಅರ್ಧ ಎಂದು ನಾನು ಹೇಳಿಬಂದೆ.

ಉಳಿದ ಎಮ್ಮೆ ಒಂದೆರಡು ದಿನ ಹುಲ್ಲು ಮುಟ್ಟಲಿಲ್ಲ. ಬಾಗಿಲ ಕಡೆ ಮುಖ ಮಾಡಿ ನಿಂತಿತ್ತು. ಇರಲಿ, ಅಷ್ಟು ಹುಲ್ಲು ಉಳಿಯಿತು ಎಂದಳು ಚಿಗವ್ವ. ಆಮೇಲೆ ಕೊಟ್ಟಿಗೆಗೆ ಹೋಗಿ, ಬಣವೆಯಿಂದ ಹಿರಿದು ತಂದ ಒಂದು ಹಿಡಿ ಹಳದಿ ಹುಲ್ಲನ್ನು ಅದರ ಬಾಯಿಯ ಹತ್ತಿರ ಹಿಡಿದುಕೊಂಡು ಕುಳಿತಳು.